ಒಂದೇ ಒತ್ತಕ್ಷರ

ಉರಿಯೂತ ಹಿಡಿದ ಕರುಳೊಂದರಲ್ಲಿ ಬಿಳಿ ರಕ್ತಕಣವೊಂದು ಕಾವಲಿಗಿತ್ತು. ವೈರಾಣುಗಳ ಕಾಟದಿಂದ ಅದಕ್ಕೆ ಹಗ್ಗವೂ ಹಾವಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಅದರ ಒಡಲಲ್ಲೇ ಹುಟ್ಟಿದ ಆರ್‌ಎನ್‌ಎ ಸುರುಳಿಯೊಂದು ಎದುರು ನಿಂತು, ಅವಸರದಲ್ಲಿ ಬರೆಸಿಕೊಂಡು ಬಂದ ಮಾತನ್ನು ಓದಿತು: "ಈ ಕರುಳಿಗೆ ನಾನು ಅನ್ಯ."

"ಅನ್ಯನೇ? ಹಾಗಾದರೆ ಸುಡುತ್ತೇನೆ!" ಎಂದು ಕಣ ಕೊಳ್ಳಿ ಎತ್ತಿತು.

"ತಾಳು ಮಾರಾಯ," ಎನ್ನುತ್ತ ಆರ್‌ಎನ್‌ಎ ಬರಹ ತಿದ್ದುವ ಕಿಣ್ವವೊಂದು ನಡುವೆ ಬಂದು, ಸುರುಳಿಯ ಒಂದೇ ಒಂದು ಒತ್ತಕ್ಷರ ಬದಲಿಸಿತು. "ಈಗ ಓದು."

"ಈ ಕರುಳಿಗೆ ನಾನು ಅನ್ನ."

ಕಣದ ಕೈಯಿಂದ ಕೊಳ್ಳಿ ಜಾರಿತು. ನಾನೇ ಹೆತ್ತ ಕೂಸನ್ನು ಸುಡಲು ಹೊರಟಿದ್ದೆನಲ್ಲ ಎಂದುಕೊಂಡು ಅದು ಕಿಣ್ವಕ್ಕೆ ಅಡ್ಡಬಿತ್ತು.

"ಏಳು, ಒಂದಕ್ಷರಕ್ಕೆ ಇಷ್ಟೇಕೆ?" ಎಂದಿತು ಕಿಣ್ವ.

"ಹತ್ತಿದ ಬೆಂಕಿ ಆರಿಸಿದವರಿಗೆ ಊರೇ ಕೈಮುಗಿಯುತ್ತದೆ," ಎಂದಿತು ಕಣ. "ಹತ್ತದ ಬೆಂಕಿ ನನಗೆ ಮಾತ್ರ ಗೊತ್ತು. ನಾನೂ ಕೈಮುಗಿಯದಿದ್ದರೆ ನಿನಗೆ ಇನ್ನಾರು ಕೈಮುಗಿದಾರು?"