ಸಾವಿರ ಹೆಜ್ಜೆ

ಹಗರಿ ಹೊಳೆಯ ದಂಡೆಯಲ್ಲಿ ಮಲಿಯಪ್ಪ ತಾತನ ಆಶ್ರಮವಿತ್ತು. ಆಶ್ರಮವೆಂದರೆ ಮೂರು ಗುಡಿಸಲು, ಒಂದು ಬಾವಿ, ಒಂದು ಜೊತೆ ಎತ್ತು, ಒಂದು ಬಂಡಿ.

ತಾತ ಮೊದಲು ಸೈನ್ಯದಲ್ಲಿದ್ದವರು. ರಸ್ತೆ, ಸೇತುವೆ ಕಟ್ಟುವ ದಳದಲ್ಲಿದ್ದು ದೊಡ್ಡ ಯುದ್ಧದಲ್ಲಿ ಇಟಲಿಯ ತನಕ ಹೋಗಿ ಬಂದಿದ್ದರು. ಬಂದ ಮೇಲೆ ಊರೊಳಗೆ ಮನಸ್ಸು ನಿಲ್ಲದೆ ಹೊಳೆದಂಡೆಗೆ ಬಂದು ಕೂತರು. ಹುಡುಕಿಕೊಂಡು ಬಂದವರಿಗೆ ಎರಡು ಮಾತು ಹೇಳುತ್ತಿದ್ದರು. ಎಷ್ಟೋ ಸಲ ಅದನ್ನೂ ಹೇಳುತ್ತಿರಲಿಲ್ಲ.

ಅವರ ಬಳಿ ಫಾಲಾಕ್ಷನೆಂಬ ಶಿಷ್ಯನಿದ್ದ. ಹೈಸ್ಕೂಲು ಮುಗಿಸಿ ಎರಡು ವರ್ಷ ಕಾಲೇಜನ್ನೂ ಕಂಡವನು. ಕೇಳಿದ್ದಕ್ಕೆ ಕರಾರುವಾಕ್ಕಾದ ಉತ್ತರ ಕೊಡುವುದು ಅವನಿಗೆ ವ್ರತವಿದ್ದ ಹಾಗೆ. ‘ಸುಮಾರು’ ಎಂಬ ಮಾತು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ತಾತ ಅವನನ್ನು ‘ನಮ್ಮ ಪಂಚಾಂಗ’ ಎಂದು ಕರೆಯುತ್ತಿದ್ದರು. ಕರೆಯುವಾಗ ಮೀಸೆಯೊಳಗೆ ನಗು ಇರುತ್ತಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ ತಾತ ಹೊಲಕ್ಕೆ ಹೋಗಿದ್ದರು. ಫಾಲಾಕ್ಷ ಜಗುಲಿಯ ಮೇಲೆ ಕೂತು ಹಳೆಯ ಪುಸ್ತಕವೊಂದನ್ನು ನಕಲು ಮಾಡುತ್ತಿದ್ದ.

ರಸ್ತೆಯಿಂದ ಒಬ್ಬ ಹೆಂಗಸು ಬಂದಳು. ಸೊಂಟದ ಮೇಲೆ ಆರು ವರ್ಷದ ಮಗಳು. ಮಗುವಿನ ತಲೆ ತಾಯಿಯ ಹೆಗಲಿಗೆ ಒರಗಿತ್ತು.

“ಸ್ವಾಮಿ, ಆಸ್ಪತ್ರೆ ಇನ್ನೂ ಎಷ್ಟು ದೂರ ಐತೆ?”

“ಒಂದು ಮೈಲಿ,” ಎಂದ ಫಾಲಾಕ್ಷ. “ಇಲ್ಲೇ ಎದುರಿಗೆ ಕಲ್ಲಿದೆ ನೋಡಿ. ಮುಂದಿನ ಕಲ್ಲಿನ ಹತ್ತಿರವೇ ಆಸ್ಪತ್ರೆ. ನಡೆದರೆ ಇಪ್ಪತ್ತು ನಿಮಿಷ.”

ಹೆಂಗಸು ಕೊಟ್ಟಿಗೆಯ ಕಡೆ ನೋಡಿದಳು. ಅಲ್ಲಿ ಬಂಡಿ ನಿಂತಿತ್ತು. ಎತ್ತುಗಳು ಮೆಲುಕು ಹಾಕುತ್ತಿದ್ದವು.

ಅವಳು ನೋಡಿದ್ದನ್ನು ಫಾಲಾಕ್ಷ ನೋಡಿದ. ಒಂದೇ ಮೈಲಿ ತಾನೇ ಎಂದುಕೊಂಡ.

“ಆಗ್ಲಿ ಸ್ವಾಮಿ,” ಎಂದು ಅವಳು ಹೊರಟಳು.

ಒಂದು ಗಂಟೆಯ ಮೇಲೆ ತಾತ ಹೊಲದಿಂದ ಬಂದರು. ಕೈಕಾಲು ತೊಳೆಯುತ್ತ, “ಯಾರಾದರೂ ಬಂದಿದ್ದರೇ?” ಎಂದು ಕೇಳಿದರು.

ಫಾಲಾಕ್ಷ ಹೇಳಿದ. ಯಾರು, ಯಾವಾಗ, ಏನು ಕೇಳಿದಳು, ಏನು ಹೇಳಿದೆ, ಎಲ್ಲವನ್ನೂ ಒಂದು ಅಕ್ಷರ ಬಿಡದೆ ಹೇಳಿದ.

ತಾತ ತಂಬಿಗೆಯನ್ನು ಅಲ್ಲೇ ಇಟ್ಟರು. “ಬಂಡಿ ಹೂಡು,” ಎಂದು ಹೇಳಿ, ಬಂಡಿಗೂ ಕಾಯದೆ ರಸ್ತೆಗೆ ಇಳಿದರು.

ಅರ್ಧ ದಾರಿಯಲ್ಲಿ ಬೇವಿನ ಮರದ ಬುಡದಲ್ಲಿ ಆ ಹೆಂಗಸು ಕೂತಿದ್ದಳು. ಮಗು ಮಡಿಲಲ್ಲಿತ್ತು. ಅವಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಎದ್ದು ನಿಲ್ಲಲು ನೋಡಿದಳು, ಕಾಲು ಏಳಲಿಲ್ಲ.

ತಾತ ಮಗುವನ್ನು ಎತ್ತಿಕೊಂಡು ನಡೆದರು. ಹಿಂದಿನಿಂದ ಬಂದ ಬಂಡಿಯಲ್ಲಿ ಫಾಲಾಕ್ಷ ತಾಯಿಯನ್ನು ಕೂರಿಸಿಕೊಂಡ.

ಆಸ್ಪತ್ರೆಯ ಡಾಕ್ಟರು ಮಗುವಿನ ಕಣ್ಣು ಬಿಡಿಸಿ ನೋಡಿದರು. “ಇನ್ನೂ ಒಂದು ಗಂಟೆ ತಡವಾಗಿದ್ದರೆ ನಾನು ಏನೂ ಹೇಳುವ ಹಾಗಿರಲಿಲ್ಲ,” ಎಂದರು.

ಆ ದಿನವೂ ಮರುದಿನವೂ ಫಾಲಾಕ್ಷ ಸರಿಯಾಗಿ ಊಟ ಮಾಡಲಿಲ್ಲ. ಬರೆಯಲು ಕೂತ, ಒಂದು ಸಾಲೂ ಮುಂದೆ ಹೋಗಲಿಲ್ಲ. ತಾತ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ದಿನ ಆಸ್ಪತ್ರೆಯಿಂದ ಸುದ್ದಿ ಬಂತು. ಜ್ವರ ಬಿಟ್ಟಿದೆ, ಮಗು ಗಂಜಿ ಕುಡಿಯಿತು.

ಅವತ್ತು ಸಂಜೆ ಫಾಲಾಕ್ಷ ತಾತನ ಬಳಿ ಬಂದು ಕೂತ.

“ತಾತ, ನಾನು ಸುಳ್ಳು ಹೇಳಲಿಲ್ಲ.”

“ಇಲ್ಲ. ನೀನು ಸುಳ್ಳು ಹೇಳುವವನಲ್ಲ.”

“ಅದು ಒಂದೇ ಮೈಲಿ.”

“ಹೌದು, ಒಂದೇ ಮೈಲಿ.”

“ಮತ್ತೆ ಎಲ್ಲಿ ತಪ್ಪಿದೆ?”

ತಾತ ಹಗ್ಗ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು. “ಮೈಲಿ ಎಂದರೆ ಏನು?”

“ಎಂಟು ಫರ್ಲಾಂಗು. ಸಾವಿರದ ಏಳುನೂರ ಅರವತ್ತು ಗಜ. ಐದು ಸಾವಿರದ ಇನ್ನೂರ ಎಂಬತ್ತು ಅಡಿ.”

“ಯಾರು ಹೇಳಿದರು?”

“ಪುಸ್ತಕದಲ್ಲಿದೆ.”

“ಪುಸ್ತಕಕ್ಕೆ ಯಾರು ಹೇಳಿದರು?”

ಅದನ್ನು ಫಾಲಾಕ್ಷ ಎಂದೂ ಯೋಚಿಸಿರಲಿಲ್ಲ.

ತಾತ ಹಗ್ಗವನ್ನು ಪಕ್ಕಕ್ಕಿಟ್ಟರು.

“ಇಟಲಿಯಲ್ಲಿದ್ದಾಗ ನಮ್ಮ ಜೊತೆಯವನೊಬ್ಬನಿಗೆ ಕಾಲಿಗೆ ಗುಂಡು ಬಿತ್ತು. ಸೆಲ್ವಂ ಅಂತ, ಸೇಲಂ ಕಡೆಯವನು. ಅವನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ನಾವಿಬ್ಬರು ಹೊತ್ತು ಹೊರಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಜೊತೆಗಿದ್ದವನ ಕೈ ಸೋತಿತು. ದಾರಿಯ ಪಕ್ಕ ಒಬ್ಬ ಮುದುಕ ರಸ್ತೆಯ ಕಲ್ಲು ಸರಿಮಾಡುತ್ತಿದ್ದ. ಅವರ ಭಾಷೆಯ ನಾಲ್ಕು ಮಾತು ನನಗೆ ಬರುತ್ತಿತ್ತು. ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದೆ.”

“ಏನೆಂದ?”

“ಏನೂ ಹೇಳಲಿಲ್ಲ. ಗುದ್ದಲಿ ಕೆಳಗಿಟ್ಟು ಬಂದು ಸ್ಟ್ರೆಚರಿನ ಆ ತುದಿ ಹಿಡಿದ.”

ಫಾಲಾಕ್ಷ ತಲೆ ತಗ್ಗಿಸಿದ.

“ದಾರಿಯಲ್ಲಿ ಅವನು ತನ್ನ ಮಾತಿನಲ್ಲಿ ಎಣಿಸುತ್ತ ಬಂದ. ನನಗೆ ಆಶ್ಚರ್ಯವಾಯಿತು. ಇಳಿಸಿದ ಮೇಲೆ ಕೇಳಿದೆ. ಅವನು ನೆಲದ ಮೇಲೆ ನಡೆದು ತೋರಿಸಿದ. ಎಡಗಾಲು ಊರಿದ, ಬಲಗಾಲು ಊರಿದ, ಮತ್ತೆ ಎಡಗಾಲು ಊರಿದಾಗ ಒಂದು ಎಂದ. ಅಂಥವು ಸಾವಿರ ಆದರೆ ಒಂದು ಮೈಲಿ. ‘ಮಿಲ್ಲೆ’ ಎಂದರೆ ಅವರಲ್ಲಿ ಸಾವಿರ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಪಾಯಿಗಳು ಹಾಗೆ ಎಣಿಸುತ್ತ ನಡೆಯುತ್ತಿದ್ದರಂತೆ. ಸಾವಿರ ಆದಲ್ಲಿ ಕಲ್ಲು ನೆಡುತ್ತಿದ್ದರಂತೆ.”

ಫಾಲಾಕ್ಷನ ಮುಖ ಮೇಲೆದ್ದಿತು. ಮನಸ್ಸಿನಲ್ಲೇ ಗುಣಿಸಿದ.

“ಒಂದು ಜೋಡಿ ಹೆಜ್ಜೆಗೆ ಐದು ಅಡಿ ಹಿಡಿದರೆ ಐದು ಸಾವಿರ ಆಯಿತು. ಉಳಿದ ಇನ್ನೂರ ಎಂಬತ್ತು?”

ತಾತ ನಕ್ಕರು. “ಅದು ಇಂಗ್ಲಿಷರದು. ಅವರ ಹೊಲದ ಅಳತೆ ಫರ್ಲಾಂಗು. ಎಂಟು ಫರ್ಲಾಂಗಿಗೆ ಸರಿ ಬರಲಿ ಎಂದು ಮೈಲಿಯನ್ನು ಜಗ್ಗಿದರು. ಹಾಗೆಂದು ನಮ್ಮ ಕ್ಯಾಪ್ಟನ್ ಹೇಳಿದ್ದರು.”

“ಮೊದಲು ಅದು ನಡೆಯುವವರ ಕಾಲಿನದು.”

“ನಡೆಯುವವರ ಕಾಲಿನದು,” ಎಂದರು ತಾತ. “ಆ ತಾಯಿ ಎಲ್ಲಿಂದ ಬಂದಳು ಎಂದು ಕೇಳಿದೆಯಾ?”

“ಇಲ್ಲ.”

“ಬೆಳಕು ಹರಿಯುವ ಮೊದಲೇ ಹೊರಟು ಮೂರು ಮೈಲಿ ಮಗುವನ್ನು ಹೊತ್ತುಕೊಂಡು ಬಂದಿದ್ದಳು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ.”

ತಾತ ಮತ್ತೆ ಹಗ್ಗ ಕೈಗೆತ್ತಿಕೊಂಡರು.

“ಸೆಲ್ವಂ ಉಳಿದನೇ ತಾತ?”

“ಉಳಿದ. ಕಾಲು ಹೋಯಿತು. ಆಮೇಲೆ ಊರಲ್ಲಿ ಹೋಟೆಲು ಇಟ್ಟ. ಮಗನಿಗೆ ನನ್ನ ಹೆಸರಿಟ್ಟಿದ್ದಾನಂತೆ. ತಮಿಳಿನಲ್ಲಿ ಅದು ಹೇಗೆ ಕೇಳಿಸುತ್ತದೋ ಏನೋ.”

ಮೂರು ದಿನದಲ್ಲಿ ಮೊದಲ ಸಲ ಫಾಲಾಕ್ಷ ನಕ್ಕ.

ತಾತ ಅವನ ತಟ್ಟೆಗೆ ತಾವೇ ಮುದ್ದೆ ಹಾಕಿದರು. ಅವನು ಪೂರ್ತಿ ಉಣ್ಣುವ ತನಕ ಎದುರಿಗೇ ಕೂತಿದ್ದರು. ಆಮೇಲೆ ಹೇಳಿದರು.

“ನಾಳೆ ಅವರನ್ನು ಊರಿಗೆ ಮುಟ್ಟಿಸಿ ಬಾ. ಎತ್ತು ಪಕ್ಕದ ಹೊಲಕ್ಕೆ ಹೋಗುತ್ತವೆ, ಬಂಡಿ ಇಲ್ಲ. ಮಗುವನ್ನು ಹೊರಬೇಕು.”

“ಹೊರುತ್ತೇನೆ.”

“ಎಣಿಸಿಕೊಂಡು ಬಾ. ಒಂದು ಮೈಲಿಗೆ ನಿನ್ನ ಹೆಜ್ಜೆ ಎಷ್ಟು ಎಂದು ನನಗೂ ತಿಳಿಯಲಿ.”

ಮರುದಿನ ಬೆಳಿಗ್ಗೆ ಫಾಲಾಕ್ಷ ಆಸ್ಪತ್ರೆಗೆ ಹೋದ. ಹೆಂಗಸಿನ ಹೆಸರು ಸಣ್ಣಕ್ಕ, ಮಗುವಿನ ಹೆಸರು ಓಬಮ್ಮ ಎಂದು ಅವನಿಗೆ ತಿಳಿದದ್ದು ಅವತ್ತೇ.

ಓಬಿ ತಾಯಿಯ ಸೆರಗಿನ ಹಿಂದೆ ಸೇರಿಕೊಂಡಳು. ಫಾಲಾಕ್ಷ ಅವಳ ಎದುರು ಕುಕ್ಕರಗಾಲಲ್ಲಿ ಕೂತ.

“ನಾನು ಎತ್ತಿಕೊಳ್ಳುತ್ತೇನೆ, ಬರುತ್ತೀಯಾ?”

“ಬೀಳಿಸ್ತೀಯಾ?”

“ಇಲ್ಲ.”

“ಎಲ್ಲಿ ತನಕ ಬೀಳಿಸಲ್ಲ?”

“ನಿಮ್ಮೂರ ತನಕ.”

ಅವಳು ಸ್ವಲ್ಪ ಯೋಚಿಸಿ ಬಂದು ಅವನ ಕುತ್ತಿಗೆಗೆ ಕೈ ಹಾಕಿದಳು. ಜ್ವರ ಬಿಟ್ಟ ಮೈ. ಅವನು ತಿಳಿದಿದ್ದಕ್ಕಿಂತ ಹಗುರವಾಗಿತ್ತು.

ಹೊರಡುವ ಮೊದಲು ಫಾಲಾಕ್ಷ ಸಣ್ಣಕ್ಕನಿಗೆ ಹೇಳಿದ. “ಅಮ್ಮ, ಅವತ್ತು ಬಂಡಿ ಇತ್ತು. ನೀವು ಅದರ ಕಡೆ ನೋಡಿದ್ದನ್ನೂ ನಾನು ನೋಡಿದೆ. ತಪ್ಪಾಯಿತು.”

ಸಣ್ಣಕ್ಕ ಸೆರಗು ಸರಿಮಾಡಿಕೊಂಡಳು. “ಕೇಳೋಣ ಅಂತ ಬಾಯಿಗೆ ಬಂತು ಸ್ವಾಮಿ. ನೀವು ಬರೀತಾ ಇದ್ರಿ. ನಾಚಿಕೆ ಆಯ್ತು.”

ಆಸ್ಪತ್ರೆಯ ಎದುರಿನ ಮೈಲಿಕಲ್ಲಿನ ಪಕ್ಕ ನಿಂತು, ಎಡಗಾಲು ಮುಂದಿಟ್ಟು, ಫಾಲಾಕ್ಷ ಗಟ್ಟಿಯಾಗಿ ಎಣಿಸತೊಡಗಿದ. ಒಂದು. ಎರಡು. ಮೂರು.

“ಯಾಕೆ ಎಣಿಸ್ತೀಯಾ?” ಎಂದಳು ಓಬಿ.

“ಮೈಲಿ ಅಳೆಯುತ್ತಿದ್ದೇನೆ. ಒಂಬತ್ತು. ಹತ್ತು.”

“ನಂಗೂ ಬರ್ತದೆ,” ಎಂದು ಅವಳೂ ಎಣಿಸಿದಳು. ಇಪ್ಪತ್ತರ ತನಕ ಅವನ ಜೊತೆ ಬಂದಳು. ಆಮೇಲೆ ಅವಳ ಲೆಕ್ಕ ಬೇರೆ ದಾರಿ ಹಿಡಿಯಿತು.

ಫಾಲಾಕ್ಷ ಮರಳಿದ್ದು ಸಂಜೆಗೆ. ಅಂಗಿಯ ಎಡಹೆಗಲು ಮುದ್ದೆಯಾಗಿತ್ತು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಕೈಯಲ್ಲಿ ಸಣ್ಣಕ್ಕ ಕಟ್ಟಿಕೊಟ್ಟ ಹುರಿಗಡಲೆಯ ಗಂಟಿತ್ತು.

ತಾತ ಬಾವಿಯಿಂದ ನೀರು ಸೇದಿ ಅವನ ಕಾಲಿಗೆ ಹೊಯ್ದರು. ಅವನು ಬೇಡವೆಂದರೂ ಕೇಳಲಿಲ್ಲ.

“ಮುಟ್ಟಿದರಾ?”

“ಮುಟ್ಟಿದರು. ಓಬಿಯ ಅಜ್ಜಿ ಬಾಗಿಲಲ್ಲೇ ಕೂತಿದ್ದರು. ನನ್ನನ್ನು ಊಟ ಮಾಡಿಸದೆ ಬಿಡಲಿಲ್ಲ.”

“ಎಷ್ಟಾಯಿತು?”

ಫಾಲಾಕ್ಷ ಹುರಿಗಡಲೆಯ ಗಂಟನ್ನು ಬಾವಿಕಟ್ಟೆಯ ಮೇಲಿಟ್ಟ.

“ಗೊತ್ತಿಲ್ಲ ತಾತ.”

ಆಶ್ರಮಕ್ಕೆ ಬಂದ ಎರಡು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ತಾತ ಕೊಡವನ್ನು ಕೆಳಗಿಟ್ಟರು.

“ತಪ್ಪಿತೇ?”

“ಮುನ್ನೂರ ಹನ್ನೆರಡಕ್ಕೆ ಅವಳು ಒಂದು ಹಕ್ಕಿಯ ಹೆಸರು ಕೇಳಿದಳು. ಹೇಳಿ, ಮುನ್ನೂರ ಹದಿಮೂರರಿಂದ ಹಿಡಿದೆ. ಐನೂರರ ಹತ್ತಿರ ಸಣ್ಣಕ್ಕ ನೀರು ಕುಡಿಯಲು ನಿಂತರು. ಆಗಲೂ ತಪ್ಪಲಿಲ್ಲ.”

“ಮತ್ತೆ?”

“ಏಳುನೂರ ನಲವತ್ತರಲ್ಲಿ ಅವಳು ಹೆಗಲ ಮೇಲೆ ನಿದ್ದೆ ಹೋದಳು.”

“ಎಣಿಸಬಹುದಿತ್ತಲ್ಲ.”

“ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಎಚ್ಚರವಾಗುತ್ತಾಳೆ ಎಂದು ನಿಲ್ಲಿಸಿದೆ.”

“ಮನಸ್ಸಿನಲ್ಲಿ?”

“ಅವಳ ಉಸಿರು ಕಿವಿಯ ಹತ್ತಿರವೇ ಇತ್ತು. ಅದು ಸರಿಯಾಗಿ ಬರುತ್ತಿದೆಯೇ ಎಂದು ಕೇಳುತ್ತ ನಡೆದೆ. ಎರಡನ್ನೂ ಒಟ್ಟಿಗೆ ಮಾಡಲು ಆಗಲಿಲ್ಲ.” ಫಾಲಾಕ್ಷ ತನ್ನ ಒದ್ದೆ ಕಾಲುಗಳನ್ನು ನೋಡಿಕೊಂಡ. “ನೀವು ಹೇಳಿದ ಎಣಿಕೆಯ ಕೆಲಸ ನನ್ನಿಂದ ಆಗಲಿಲ್ಲ. ನಾಲ್ಕು ಮೈಲಿ ಹೋದೆ, ಒಂದು ಮೈಲಿಯ ಲೆಕ್ಕವೂ ಪೂರ್ತಿಯಾಗಲಿಲ್ಲ. ನಾಳೆ ಒಬ್ಬನೇ ಹೋಗಿ ಎಣಿಸಿ ಬರುತ್ತೇನೆ.”

ತಾತ ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಕೈಗೆ ಕೊಟ್ಟರು.

“ಎಣಿಕೆ ನಿಲ್ಲಿಸಿದ ಜಾಗ ನೆನಪಿದೆಯಾ?”

“ಇದೆ. ಹಳ್ಳ ದಾಟಿದ ಮೇಲೆ, ಬೇಲದ ಮರದ ಹತ್ತಿರ.”

“ಒಬ್ಬನೇ ಯಾಕೆ ಹೋಗುತ್ತೀ, ಇಬ್ಬರೂ ಹೋಗೋಣ,” ಎಂದರು ತಾತ. “ಕಲ್ಲು ನೆಡಬೇಕಾದ್ದು ಅಲ್ಲಿ.”