ಕದಡಿದ ಹೆಪ್ಪು

"ಊಟದ ಕೊನೆಗೆ ಮಜ್ಜಿಗೆ ಕುಡಿ ಮಗಾ, ಉಳಿದದ್ದನ್ನು ಹೊಟ್ಟೆಯೇ ನೋಡಿಕೊಳ್ಳುತ್ತದೆ" ಎಂದು ಅಜ್ಜಿ ಹೇಳುತ್ತಿದ್ದ ಮಾತು ನಿರಂಜನನಿಗೆ ಚೆನ್ನಾಗಿ ನೆನಪಿತ್ತು. ಅದರ ಮೇಲೆ ನಂಬಿಕೆ ಮಾತ್ರ ಉಳಿದಿರಲಿಲ್ಲ. ಗುರುಕುಲದ ಮಧ್ಯಾಹ್ನದ ಪಂಕ್ತಿಯಲ್ಲಿ ಅವನು ಗುರುಗಳನ್ನು ಕೇಳಿದ:

"ಮಜ್ಜಿಗೆ ಕುಡಿದೆ. ಸಾಲದೆಂದು ಓಮ, ಶುಂಠಿ, ಅಳಲೆಕಾಯಿಯ ಪುಡಿಗಳನ್ನೂ ನುಂಗಿದೆ. ಆದರೂ ಹೊಟ್ಟೆಯ ಗುಡುಗು ನಿಂತಿಲ್ಲ, ಪಾಠ ತಲೆಗೆ ಹತ್ತುತ್ತಿಲ್ಲ. ಇನ್ನೇನು ಸೇರಿಸಲಿ ಗುರುಗಳೇ?"

"ನಮಗೂ ಪಾಠಕ್ಕಿಂತ ಅದೇ ಜೋರಾಗಿ ಕೇಳಿಸುತ್ತದೆ" ಎಂದು ಪಕ್ಕದವನು ನಕ್ಕ.

ಗುರುಗಳು ನಿರಂಜನನ ಸೊಂಟದಲ್ಲಿದ್ದ ಪುಡಿಗಳ ಚೀಲವನ್ನೊಮ್ಮೆ ನೋಡಿ ಕತೆ ಆರಂಭಿಸಿದರು.

ಗಿಡಮೂಲಿಕೆಗಳ ಅಂಗಡಿಯಿಟ್ಟ ಒಬ್ಬ ವರ್ತಕನಿದ್ದ. ಊರವರ ಅಜೀರ್ಣಕ್ಕೆಲ್ಲ ಪುಡಿ ಕಟ್ಟಿಕೊಡುತ್ತಿದ್ದವನ ಹೊಟ್ಟೆಯೇ ಕೆಟ್ಟಿತು. ಒಂದು ಪುಡಿ ನುಂಗುವನು. ಗಳಿಗೆಯೊಳಗೆ ಗುಣ ಕಾಣದಿದ್ದರೆ ಇನ್ನೊಂದು. ಅಂಗಡಿ ತನ್ನದೇ ಆದ್ದರಿಂದ ಕೈ ಹಿಡಿದು ತಡೆಯುವವರಿಲ್ಲ. ಹದಿನೈದು ದಿನಕ್ಕೆ ಮಗಳ ಮದುವೆ, ಅದರ ಮರುದಿನ ಬೀಗರ ಊಟ. ಬಡಿಸಿದ್ದನ್ನು ಎಲೆಯಲ್ಲಿ ಬಿಟ್ಟರೆ ಬೀಗರು ಮುನಿಯುತ್ತಾರೆ, ತಿಂದರೆ ಹೊಟ್ಟೆ ಮುನಿಯುತ್ತದೆ.

ದಿನವೂ ಮೊಸರು ತರುವ ಮುದುಕಿಯೊಡನೆ ಅವನು ಕಷ್ಟ ಹೇಳಿಕೊಂಡ.

"ಮೊದಲು ನಿಮ್ಮ ಕೈಯಾರೆ ಒಂದು ಮಡಕೆ ಮೊಸರು ಮಾಡಿಡಿ ಯಜಮಾನರೇ. ಆಮೇಲೆ ಮದ್ದು ಹೇಳುತ್ತೇನೆ" ಎಂದಳು ಮುದುಕಿ.

ವರ್ತಕ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದ. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇತ್ತು. ಇನ್ನಷ್ಟು ಹೆಪ್ಪು ಬೆರೆಸಿ ಕದಡಿದ. ಮತ್ತೆ ತೆಗೆದ, ಪಕ್ಕದ ಮನೆಯ ಹೆಪ್ಪು ತಂದು ಸುರಿದ. ಅದೂ ಸಾಲದೆಂದು ಒಲೆಯ ಮೇಲಿಟ್ಟ. ಮರುದಿನ ಮಡಕೆಯಲ್ಲಿದ್ದದ್ದು ಹುಳಿನೀರು.

ಮುದುಕಿ ಇಣುಕಿ ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಅಯ್ಯೋ ನನ್ನಪ್ಪಾ! ಮೊದಲು ಹಾಕಿದ ಹೆಪ್ಪೇ ಸಾಕಾಗಿತ್ತು. ಅದನ್ನು ಕೆಲಸ ಮಾಡಲು ನೀವು ಬಿಟ್ಟರೆ ತಾನೇ!"

"ಸರಿ ತಾಯಿ, ಹೊಟ್ಟೆಗೆ ಮದ್ದು?"

"ಅದಕ್ಕೂ ಮುಚ್ಚಳ ಹಾಕಿ. ಊಟದ ಮೇಲೆ ಮಜ್ಜಿಗೆ, ಅದಕ್ಕೊಂದು ಚಿಟಿಕೆ ಓಮ. ಮುಂದಿನ ಊಟದವರೆಗೆ ಕೈ ಕಟ್ಟಿ ಕುಳಿತುಕೊಳ್ಳಿ."

ಕೈ ಕಟ್ಟಿ ಕೂರುವುದು ವರ್ತಕನಿಗೆ ಕಷಾಯಕ್ಕಿಂತ ಕಹಿಯಾಯಿತು. ಆದರೂ ಕುಳಿತ. ಬೀಗರ ಊಟದ ದಿನ ಎರಡು ಹೋಳಿಗೆ ತಿಂದು, ಮೂರನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಬೀಗರು ಅವನ ಬರಿದಾದ ಎಲೆ ನೋಡಿ ಮೀಸೆಯಲ್ಲೇ ನಕ್ಕರು. ವರ್ತಕ ಮಜ್ಜಿಗೆಗೆ ಲೋಟ ಮುಂದೊಡ್ಡಿದ.

ಕತೆ ಮುಗಿಯಿತು. ನಿರಂಜನ ತಲೆದೂಗಿದ, ಕೈ ಮಾತ್ರ ಅವನಿಗೇ ತಿಳಿಯದಂತೆ ಸೊಂಟದ ಚೀಲದ ಗಂಟು ಬಿಚ್ಚುತ್ತಿತ್ತು. ಗುರುಗಳ ಕಣ್ಣು ಅದರ ಮೇಲೆ ಬಿದ್ದಾಗ ಕೈ ನಿಂತಿತು.

ಗುರುಗಳು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು:

"ನಾಳೆಯಿಂದ ಈ ಗುರುಕುಲದ ಹಾಲಿಗೆಲ್ಲ ಹೆಪ್ಪು ಹಾಕುವವನು ನಿರಂಜನ."