ಅಜ್ಜಾರ ರಷ್ಯಾ ಪ್ಲೇಟು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬ ಗುರು. ಊರವರ ಬಾಯಲ್ಲಿ ಅವರು ಅಜ್ಜಾರು.

ಅಜ್ಜಾರು ಹಾಡು ಕಲಿಸುತ್ತಿರಲಿಲ್ಲ, ವಾದ್ಯವನ್ನೂ ಕಲಿಸುತ್ತಿರಲಿಲ್ಲ. ಕೇಳುವುದನ್ನು ಕಲಿಸುತ್ತಿದ್ದರು. ಅದೇನು ಕಲಿಯುವ ವಿದ್ಯೆಯೇ ಎಂದು ನಗಬೇಡಿ. ಕಿವಿ ಇದ್ದವರಿಗೆಲ್ಲ ಕೇಳಲು ಬರುವ ಹಾಗಿದ್ದರೆ ಮನೆಮನೆಯಲ್ಲಿ ಇಷ್ಟೊಂದು ಜಗಳ ಯಾಕೆ ಆಗುತ್ತಿತ್ತು?

ಅವರ ಹತ್ತಿರ ರೆಕಾರ್ಡ್ ಪ್ಲೇಯರಿಗೆ ಹಾಕುವ ಒಂದು ರಷ್ಯಾದ ಪ್ಲೇಟು ಇತ್ತು, ಸೋವಿಯತ್ ಕಾಲದ್ದು. ಹರೆಯದಲ್ಲಿ ಹುಬ್ಬಳ್ಳಿಗೆ ಹೋದಾಗ, ರಷ್ಯಾದ ಪುಸ್ತಕಗಳನ್ನು ಅಗ್ಗಕ್ಕೆ ಮಾರುವಲ್ಲಿ ಕೊಂಡು ತಂದದ್ದು. ಅದರಲ್ಲಿದ್ದದ್ದು ಒಂದು ಸಿಂಫನಿ. ಹತ್ತಾರು ವಾದ್ಯಗಳು ಒಟ್ಟಿಗೆ ಕೂತು ನುಡಿಸುವ ದೊಡ್ಡ ಸಂಗೀತ. ಬರೆದವನ ಹೆಸರು ರಟ್ಟಿನ ಮೇಲೆ ಇತ್ತು, ಆದರೆ ಆ ಅಕ್ಷರ ಓದಲು ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಸೋಮವಾರ ಸಂಜೆ ಅಜ್ಜಾರು ಅದನ್ನು ಹಚ್ಚುತ್ತಿದ್ದರು. ಊರವರು ಬಂದು ಚಾಪೆಯ ಮೇಲೆ ಕೂತು, ಕೇಳಿ, ಹೋಗುತ್ತಿದ್ದರು.

ಬರುವವರಲ್ಲಿ ನೀಲಗಂಗವ್ವ ಒಬ್ಬಳು. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವವಳು. ಗಟ್ಟಿ ದನಿ, ಗಟ್ಟಿ ಜೀವ. ಆಕೆಯ ಬಾಯಿಗೆ ಬಸ್ಸಿನ ಡ್ರೈವರುಗಳೂ ಹೆದರುತ್ತಿದ್ದರು. ಸೋಮವಾರ ಖಾನಾವಳಿಗೆ ರಜೆ. ಸಂಜೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು.

ಆ ಸಿಂಫನಿಯಲ್ಲಿ ನಿಧಾನದ ಒಂದು ಭಾಗವಿದೆ. ಎಲ್ಲ ವಾದ್ಯಗಳೂ ಸುಮ್ಮನಾಗಿ, ಒಂದೇ ಒಂದು ಒಂಟಿಯಾಗಿ ಹೊರಡುತ್ತದೆ. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಇನ್ನೊಂದು ದನಿ ಬಂದು ಅದರ ಜೊತೆ ಸೇರುತ್ತದೆ. ಅಲ್ಲಿಗೆ ಬಂದಾಗ ನೀಲಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಷ್ಟು ಮರ್ಯಾದೆ ಆ ಊರಿಗೆ ಇತ್ತು.

ಅಜ್ಜಾರ ಶಿಷ್ಯ ಕಲ್ಮೇಶ. ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಲಿ. ಮುಂಬೈಗೆ ಹೋಗಿ ಆ ಕಡೆಯ ಸಂಗೀತದ ಬಗ್ಗೆ ಓದಿಕೊಂಡು, ರಟ್ಟಿನ ಮೇಲಿನ ಹೆಸರನ್ನೂ ಬಲ್ಲವರಿಂದ ಓದಿಸಿಕೊಂಡು ಬಂದ. ಹೊಸದಾಗಿ ಓದಿ ಬಂದವರ ಬಾಯಿ ಸುಮ್ಮನಿರುತ್ತದೆಯೇ? ಬಂದ ವಾರವೇ ಎಲ್ಲರ ಮುಂದೆ ಎದ್ದು ನಿಂತ.

"ನಾವು ಇಷ್ಟ ವರ್ಷ ಕೇಳಿದ್ದು ಅಂಥಾ ದೊಡ್ಡ ಕೃತಿ ಏನಲ್ರಿ," ಅಂದ. "ತಿಳಿದವರು ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಎರಡನೇ ದರ್ಜೆದು ಅಂತಾರ. ಇನ್ನ ಮುಂದ ಖರೇ ಶ್ರೇಷ್ಠ ಇದ್ದದ್ದನ್ನ ಕೇಳೂಣು. ನಾ ತಂದೀನಿ."

ಜನ ತಲೆಯಾಡಿಸಿದರು. ಮುಂಬೈ ಕಂಡು ಬಂದವನಿಗೆ ಇಲ್ಲ ಎನ್ನುವವರು ಯಾರು?

ಅಂದೂ ಅಜ್ಜಾರು ಅದೇ ಪ್ಲೇಟು ಹಚ್ಚಿದರು. ನಿಧಾನದ ಭಾಗ ಬಂದಾಗ ನೀಲಗಂಗವ್ವ ಅಳಲಿಲ್ಲ. ಅತ್ತಿತ್ತ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಗಿಯುವ ಮೊದಲೇ ಎದ್ದು ಹೋದಳು.

ಮುಂದಿನ ಸೋಮವಾರ ಆಕೆ ಬರಲಿಲ್ಲ.

ಅಜ್ಜಾರು ಪ್ಲೇಯರಿನ ಪಕ್ಕದಲ್ಲಿ ಕೂತೇ ಇದ್ದರು. ಕೈ ಮುಂದೆ ಮಾಡಲಿಲ್ಲ.

"ಹೊತ್ತಾತ್ರಿ ಅಜ್ಜಾರ. ಹಚ್ಚಲೇನ್ರಿ?" ಕಲ್ಮೇಶ ಕೇಳಿದ.

"ನೀಲಗಂಗವ್ವ ಬಂದಿಲ್ಲಲ್ಲೋ."

"ಆಕಿ ಒಬ್ಬಾಕಿ ಬರಲಿಲ್ಲಂದ್ರ ಏನಾತ್ರಿ? ಇಷ್ಟ ಮಂದಿ ಕುಂತಾರ."

"ಕುಂದರಲಿ."

ಮಂದಿ ಕೂತರು. ಹೊಳೆಯ ಸಪ್ಪಳವನ್ನಷ್ಟೇ ಕೇಳಿ ಎದ್ದು ಹೋದರು. ಅದರ ಮುಂದಿನ ಸೋಮವಾರವೂ ಹಾಗೇ ಆಯಿತು.

ಕಲ್ಮೇಶನಿಗೆ ತಡೆಯಲಾಗಲಿಲ್ಲ. "ನನ್ನಿಂದ ಏನರ ತಪ್ಪಾತೇನ್ರಿ ಅಜ್ಜಾರ?"

"ನನ್ನ ಯಾಕ ಕೇಳ್ತಿ? ಆಕಿನ್ನ ಕೇಳು."

ಬರಿಗೈಯಲ್ಲಿ ಹೋಗುವ ಪೈಕಿ ಅಲ್ಲ ಕಲ್ಮೇಶ. ತಂದ ಪುಸ್ತಕಗಳನ್ನೆಲ್ಲ ಮತ್ತೆ ತಿರುವಿ ಹಾಕಿದ. ಹುಡುಕಿದವರಿಗೆ ಸಿಗದೇ ಇರುತ್ತದೆಯೇ? ಆ ಸಿಂಫನಿಯನ್ನು ಹೊಗಳಿದವರೂ ಒಂದಿಬ್ಬರು ಸಿಕ್ಕರು. ಅದನ್ನು ಬಾಯಿಪಾಠ ಮಾಡಿಕೊಂಡು ಖಾನಾವಳಿಗೆ ಹೋದ.

"ಉಣ್ಣಾಕ ಬಂದಿಯೋ, ಮಾತಾಡಾಕ ಬಂದಿಯೋ?" ನೀಲಗಂಗವ್ವ ಕೇಳಿದಳು.

"ಎರಡಕ್ಕೂ ಬಂದೀನ್ರಿ ಅವ್ವಾರ."

"ಹಂಗಾರ ಮೊದಲ ಉಣ್ಣು."

ಆಕೆ ಬಡಿಸಿದಳು. ಆತ ಉಣ್ಣುತ್ತ ಉಣ್ಣುತ್ತ ಶುರು ಮಾಡಿದ. "ಅವತ್ತ ನಾ ಅಂದದ್ದು ಪೂರಾ ಖರೇ ಅಲ್ರಿ. ಆ ಸಿಂಫನಿಗೆ ಸಿಗಬೇಕಾದ ಮಾನ ಸಿಕ್ಕಿಲ್ಲ ಅನ್ನವರೂ ಅದಾರ. ಮುಚ್ಚಿಟ್ಟ ಬಂಗಾರ ಅಂತ ಬರದಾರ."

ನೀಲಗಂಗವ್ವ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಆವಾಗ ಎರಡನೇ ದರ್ಜೆ ಅಂದಿ. ಈಗ ಬಂಗಾರ ಅಂತಿ. ಪ್ಯಾಟಿ ದರ ಏನ್ ತಮ್ಮಾ ಇದು, ಮುಂಜಾನೆ ಒಂದು ಸಂಜಿಗೆ ಒಂದು?"

"ಹಂಗಲ್ರೀ..."

"ನನ್ನ ತಂಗಿ ಸತ್ಲು," ಅಂದಳು ನೀಲಗಂಗವ್ವ. "ಇಬ್ಬರೂ ಕೂಡಿ ಈ ಖಾನಾವಳಿ ಹಾಕಿದ್ವಿ. ಆಕಿ ಹೋದ ದಿನಾನೂ ಮಂದಿ ಉಣ್ಣಾಕ ಬಂದು ಕುಂತಿದ್ರು. ಪಾಪ, ಅವರಿಗೇನು ಗೊತ್ತು? ಮಣ್ಣ ಮಾಡಿ ಬಂದು ರೊಟ್ಟಿ ಬಡದೆ. ಅಳಾಕ ಆಗಲೇ ಇಲ್ಲ. ಆಮ್ಯಾಲೂ ಆಗಲಿಲ್ಲ. ಎದಿ ಕಲ್ಲಾಗಿತ್ತು. ಅಜ್ಜಾರ ಆ ಪ್ಲೇಟಿನ ಮುಂದ ಕುಂತಾಗ ಅಳು ಬಂತು."

ಕಲ್ಮೇಶನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ನೀ ಎದ್ದು ನಿಂತು ಎರಡನೇ ದರ್ಜೆದು ಅಂದಿ. ನಾ ನನ್ನ ತಂಗಿಗೆ ಅತ್ತದ್ದೂ ಎರಡನೇ ದರ್ಜೆದು ಆತಲ್ಲೋ ತಮ್ಮಾ. ಈಗ ಬಂಗಾರ ಅಂದ್ರ ನಾ ಏನ್ ಮಾಡಲಿ? ಅಳು ಹೋತು. ಹೋದದ್ದು ಕರದ್ರ ಬರ್ತೈತೇನು?"

ಬೈದಿದ್ದರೆ ಕಲ್ಮೇಶ ತಾಳಿಕೊಳ್ಳುತ್ತಿದ್ದ. ಆಕೆ ಬೈಯಲಿಲ್ಲ. ಮಜ್ಜಿಗೆ ಹಾಕಿ ಒಳಗೆ ಹೋದಳು.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಧೋತರ ಹಿಂಡುತ್ತಿದ್ದರು. ಕಲ್ಮೇಶ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ. ತಾನು ಓದಿದ್ದೊಂದು ಸಂಗತಿ ಅವನ ತಲೆಯಲ್ಲಿ ತಿರುಗುತ್ತಿತ್ತು.

"ಅಜ್ಜಾರ, ಈ ಸಿಂಫನಿ ಮೊದಲನೇ ಸಲ ನುಡಿಸಿದಾಗ ಏನಾತು ಗೊತ್ತೇನ್ರಿ? ಮುಂದಿನ ಸಾಲಿನಾಗ ಸರಕಾರದ ಒಬ್ಬ ದೊಡ್ಡ ಸಾಹೇಬ ಕುಂತಿದ್ದನಂತ. ಮುಗಿದ ಮ್ಯಾಲೆ ಎಲ್ಲಾರೂ ಅಂವನ ಕೈ ನೋಡಿದ್ರಂತ. ಅಂವ ಚಪ್ಪಾಳಿ ಹೊಡೀಲಿಲ್ಲ. ಹಿಂದಿನವರೂ ಹೊಡೀಲಿಲ್ಲ. ಸುಮ್ಮನ ಎದ್ದು ಮನೀಗೆ ಹೋದ್ರಂತ. ಮುಂದ ಎಷ್ಟೋ ವರ್ಷ ಯಾರೂ ಅದನ್ನ ಮುಟ್ಟಲಿಲ್ಲ."

"ಅಯ್ಯೋ ಪಾಪ," ಅಂದರು ಅಜ್ಜಾರು. "ಹಿಂದಿನ ಸಾಲಿನಾಗ ಯಾರರ ಒಬ್ಬಾಕಿ ಅಳಾಕತ್ತಿದ್ದಿರಬೇಕು ನೋಡು."

"ಇದ್ದಿರಬೇಕ್ರಿ."

"ಆಕಿ ಏನ್ ಮಾಡಿದ್ಲೋ?"

ಕಲ್ಮೇಶ ಮುಖ ಮುಚ್ಚಿಕೊಂಡ. "ಮುಂದಿನ ಸಾಲಿನಾಗ ನಾನ ಕುಂತಿದ್ದೆ ಅಜ್ಜಾರ," ಅಂದ.

ಅಜ್ಜಾರು ಧೋತರ ಕೊಡವಿ ಹರವಿದರು. ಬಂದು ಅವನ ಪಕ್ಕ ಕೂತರು. ಬೆನ್ನ ಮೇಲೆ ಕೈ ಇಟ್ಟರು, ಒದ್ದೆ ಕೈ.

"ನೀಲಗಂಗವ್ವನ ಕಡೆ ಏನ್ ಉಂಡಿ?"

"ರೊಟ್ಟಿ ಉಂಡೆ ಅಜ್ಜಾರ."

"ರೊಟ್ಟಿ ಜೊತಿಗೆ?"

ಕಲ್ಮೇಶ ನೆನಪು ಮಾಡಿಕೊಂಡ. ಪಲ್ಯವೋ, ಕಾಳೋ, ಏನೋ ಇತ್ತು. ಏನೆಂದು ತಿಳಿಯಲಿಲ್ಲ. ಮಾತಿನ ಭರದಲ್ಲಿ ನುಂಗಿ ಬಂದಿದ್ದ.

"ನೆನಪಿಲ್ರಿ."

"ಹೋಗು. ಇನ್ನೊಮ್ಮೆ ಉಂಡು ಬಾ."

ಮರುದಿನ ಕಲ್ಮೇಶ ಮತ್ತೆ ಹೋದ.

"ಇವತ್ತ ಏನ್ ಸುದ್ದಿ ತಂದಿ?" ನೀಲಗಂಗವ್ವ ಸೌಟು ಹಿಡಿದೇ ಕೇಳಿದಳು.

"ಏನೂ ಇಲ್ರಿ ಅವ್ವಾರ. ಹಸಿವಾಗೈತಿ."

ಆಕೆ ಬಡಿಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಕಲ್ಮೇಶ ತಲೆ ತಗ್ಗಿಸಿ ಉಂಡ. ಹುಳಿ ನಾಲಿಗೆಗೆ ಹತ್ತಿತು. ಬೆಳ್ಳುಳ್ಳಿ ಆಮೇಲೆ ಬಂತು. ಕೈ ಮುಂದೆ ಮಾಡಿದ.

"ಇನ್ನೊಂಚೂರು ಪಲ್ಯ ಹಾಕ್ರಿ."

ನೀಲಗಂಗವ್ವ ಅವನ ಮುಖ ನೋಡಿದಳು. "ಸೇರಿತೇನು?"

"ಭಾಳ ಸೇರಿತ್ರಿ."

"ನನ್ನ ತಂಗಿ ಮಾಡೋ ಪಲ್ಯ ಇದು. ಆಕಿ ಕೈ ಹದ ನನಗ ಬರೂದಿಲ್ಲ. ಒಗ್ಗರಣಿ ಯಾವಾಗ ಹಾಕ್ತಿದ್ಲೋ ಏನೋ, ಕೇಳಿಟ್ಟಕೊಳ್ಳಲಿಲ್ಲ ನೋಡು."

"ಅವರ ಹೆಸರೇನ್ರಿ?"

"ಬಾಳವ್ವ."

ಆಕೆ ಎದುರಿಗೆ ಕೂತಳು. ಬಾಳವ್ವ ಚಿಕ್ಕವಳಾದರೂ ಜಬರ್ದಸ್ತ್ ಮಾಡುತ್ತಿದ್ದದ್ದು, ಕದ್ದು ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದದ್ದು, ಜ್ವರದಲ್ಲೂ ಒಲೆಯ ಮುಂದೆ ನಿಲ್ಲುತ್ತೇನೆಂದು ಹಟ ಮಾಡಿದ್ದು. ಹೇಳುತ್ತ ಹೇಳುತ್ತ ಒಮ್ಮೆ ನಕ್ಕಳು. ಕಲ್ಮೇಶ ಕೇಳಿದ. ತಾಟಿನಲ್ಲಿ ಕೈ ಒಣಗಿತು. ಅವನು ಒಂದು ಮಾತೂ ಆಡಲಿಲ್ಲ, ಅವನ ಜನ್ಮದಲ್ಲಿ ಅದೇ ಮೊದಲು ಇರಬೇಕು.

ಕೊನೆಗೆ ಆಕೆಯೇ ಕೇಳಿದಳು. "ಪ್ಲೇಟು ಹಚ್ಚಾಕತ್ತಾರೇನು ಅಜ್ಜಾರು?"

"ಇಲ್ರಿ. ನೀವು ಹೋದ ಮ್ಯಾಲೆ ಹಚ್ಚಿಲ್ಲ. ಮಂದಿ ಬರ್ತಾರ, ಕುಂದರ್ತಾರ, ಹೊಳ್ಳಿ ಹೋಗ್ತಾರ."

"ಅಯ್ಯ ನನ ಶಿವನ!" ನೀಲಗಂಗವ್ವ ಹಣೆ ಬಡಿದುಕೊಂಡಳು. "ನನ್ನ ಸಲುವಾಗಿ ಊರ ಮಂದಿನ್ನೆಲ್ಲ ಉಪಾಸ ಕೆಡವ್ಯಾರಲ್ಲೋ! ಇದೇನ್ ಛಂದ?"

ಯಾರನ್ನೂ ಉಪವಾಸ ಕಳಿಸಿ ಗೊತ್ತಿಲ್ಲದ ಹೆಂಗಸು ಆಕೆ.

"ಅದು ಚಲೋ ಐತೋ ಇಲ್ಲೋ ನನಗ ಗೊತ್ತಿಲ್ರಿ ಅವ್ವಾರ," ಕಲ್ಮೇಶ ಮೆಲ್ಲಗೆ ಅಂದ. "ಅದರ ಸುದ್ದಿ ಓದೀನಿ ಅಷ್ಟ. ಅದನ್ನ ಕೇಳಿಲ್ಲ."

"ಸ್ವಾಮಾರ ಬರ್ತೀನಿ. ಕೇಳೂಣಂತ," ಅಂದಳು ನೀಲಗಂಗವ್ವ. "ಅಳು ಬರ್ಲಿ, ಬಿಡ್ಲಿ."

ಸೋಮವಾರ ಬಂತು. ನೀಲಗಂಗವ್ವ ತನ್ನ ಗೋಡೆಗೆ ಒರಗಿ ಕೂತಳು. ಕಲ್ಮೇಶ ಆಕೆಯ ಪಕ್ಕ ಕೂತ. ಅಜ್ಜಾರು ಪ್ಲೇಟಿನ ಮೇಲೆ ಮುಳ್ಳು ಇಟ್ಟರು.

ಮೊದಲ ಭಾಗ ಗದ್ದಲದ್ದು. ನೀಲಗಂಗವ್ವ ಕಣ್ಣು ಮುಚ್ಚಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ದೇವರೇ, ಈಕೆಗೆ ಅಳು ಬರಲಿ ಎಂದು ಕಲ್ಮೇಶ ಬೇಡಿಕೊಳ್ಳುತ್ತಿದ್ದ.

ನಿಧಾನದ ಭಾಗ ಬಂತು. ಒಂದು ದನಿ ಒಂಟಿಯಾಗಿ ಹೊರಟಿತು. ಹೋಯಿತು, ಹೋಯಿತು, ಯಾರೂ ಜೊತೆಗೆ ಬರಲಿಲ್ಲ. ಹೀಗೂ ಒಬ್ಬರು ಹೋಗುತ್ತಾರೆಯೇ ಎಂದು ಕಲ್ಮೇಶನಿಗೆ ಅನ್ನಿಸಿತು. ಇದನ್ನು ಅವನು ಎಷ್ಟು ಸಲ ಕೇಳಿರಲಿಲ್ಲ!

ಆಗ ಕೆಳಗಿನಿಂದ ಎರಡನೆಯ ದನಿ ಎದ್ದಿತು.

"ಬಂದ್ಲು," ಅಂದಳು ನೀಲಗಂಗವ್ವ. ಪಕ್ಕದಲ್ಲಿ ಸಿಕ್ಕ ಕೈ ಹಿಡಿದಳು. ಕಲ್ಮೇಶನ ಕೈ ಅದು. ಆಕೆಯ ಕೆನ್ನೆಯ ಮೇಲೆ ನೀರು ಇಳಿಯಿತು. ಸೆರಗು ಬಾಯಿಗೆ ಹೋಗಲಿಲ್ಲ. ಬಾಯಿ ತೆರೆದೇ ಅತ್ತಳು, ದನಿ ತೆಗೆದು ಅತ್ತಳು. ಚಾಪೆಯ ಮೇಲೆ ಕೂತವರು ಯಾರೂ ಹಿಂದೆ ತಿರುಗಿ ನೋಡಲಿಲ್ಲ.

ಅತ್ತು ಅತ್ತು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ತಲೆ ಗೋಡೆಗೆ ಜಾರಿತು. ಕೋಳಿ ಕೂಗುವ ಮೊದಲು ಎದ್ದು ಹಿಟ್ಟು ನಾದುವ ಜೀವ, ನಿದ್ದೆ ಬಂದುಬಿಟ್ಟಿತು. ಸಣ್ಣಗೆ ಗೊರಕೆ ಕೂಡ. ಕೈ ಮಾತ್ರ ಬಿಟ್ಟಿರಲಿಲ್ಲ.

ಪ್ಲೇಟಿನ ಈ ಮಗ್ಗಲು ಅಲ್ಲಿಗೆ ಮುಗಿಯುತ್ತದೆ. ಕೊನೆಯ ಭಾಗ ಆ ಕಡೆಯ ಮಗ್ಗಲಲ್ಲಿದೆ. ತಿರುವಿ ಹಾಕುವ ಕೆಲಸ ಕಲ್ಮೇಶನದು.

ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತ ಸುತ್ತಿತು. ಅಜ್ಜಾರು ಕಲ್ಮೇಶನನ್ನು ನೋಡಿದರು. ಕಲ್ಮೇಶ ಕೈ ಬಿಡಿಸಿಕೊಳ್ಳಲಿಲ್ಲ. ಅಜ್ಜಾರು ಮುಳ್ಳು ಎತ್ತಿ ಇಟ್ಟರು. ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು, ಸಪ್ಪಳ ಮಾಡದೆ ಮನೆಗೆ ಹೋದರು.

ನೀಲಗಂಗವ್ವನಿಗೆ ಎಚ್ಚರವಾದಾಗ ಚಾಪೆ ಖಾಲಿ.

"ಅಯ್ಯ, ನಿದ್ದಿ ಹತ್ತಿತ್ತಲ್ಲೋ! ಎಬ್ಬಸಬಾರದೇನು?" ಕಲ್ಮೇಶನ ತಲೆಗೆ ಮೆಲ್ಲಗೆ ಒಂದು ಕೊಟ್ಟಳು. "ನಾಳೆ ಉಣ್ಣಾಕ ಬಾ." ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ನಡಿಗೆ ಹಗುರಾಗಿತ್ತು.

ಕಲ್ಮೇಶ ಜೋಮು ಹಿಡಿದ ಕೈ ತಿಕ್ಕಿಕೊಳ್ಳುತ್ತ ಅಜ್ಜಾರ ಹತ್ತಿರ ಬಂದ. ಖುಷಿಯೂ ಇತ್ತು, ಒಂದು ಕಸಿವಿಸಿಯೂ ಇತ್ತು.

"ಅಜ್ಜಾರ, ಕೊನೀ ಭಾಗ ಉಳೀತ್ರಿ. ಅದರೊಳಗ ಬರದಾಂವ ತನ್ನ ಜೀವಾನ ಇಟ್ಟಾನ. ಅಲ್ಲಿನವರಂತೂ ಪೂರಾ ಕೇಳಿನೂ ಅಂವನ್ನ ಕೈಬಿಟ್ರು. ಇಲ್ಲೆ ನಾವೂ ಅರ್ಧಕ್ಕ ಬಿಟ್ಟಿವಿ. ಆಕಿ ಕೈ ಬಿಡಿಸಿ ಏಳಾಕ ನನಗ ಆಗಲಿಲ್ಲ. ಬರದಾಂವಗ ಅನ್ಯಾಯ ಆತೇನ್ರಿ?"

ಅಜ್ಜಾರು ಪ್ಲೇಟನ್ನು ಧೋತರದ ಸೆರಗಿನಿಂದ ಒರೆಸಿ ರಟ್ಟಿನೊಳಗೆ ಇಟ್ಟರು.

"ಬರದಾಂವ ನಿನ್ನ ಜಾಗಾದಾಗ ಕುಂತಿದ್ರ, ತಮ್ಮಾ, ಅಂವಾನೂ ಏಳ್ತಿದ್ದಿಲ್ಲ."